ಮೈಕಣ್ಣನ ಗಂಟಲು ಕಟ್ಟಿದ ದಿನ

ಮೈಕಣ್ಣ ಬೆಳಿಗ್ಗೆ ಎದ್ದು ಫೋನಿನಲ್ಲಿ ಹೇಳಿದ ಸುಳ್ಳು ತೀರಾ ಸಣ್ಣದು. ಗಂಟಲು ಕಟ್ಟಿದೆ ಸಾರ್, ಸ್ವರವೇ ಹೊರಡುತ್ತಿಲ್ಲ, ಇವತ್ತೊಂದು ದಿನ ರಜೆ ಕೊಡಿ ಎಂದು ಒಡಕು ದನಿಯಲ್ಲಿ ಕೇಳಿಕೊಂಡ. ಬಸ್ ನಿಲ್ದಾಣದ ಸೂಪರಿಂಟೆಂಡೆಂಟರು ಮರುಮಾತಿಲ್ಲದೆ ಒಪ್ಪಿದರು. ಯಾರನ್ನಾದರೂ ಕೂರಿಸಿ ಸುಧಾರಿಸುತ್ತೇನೆ, ಮಾತಾಡಬೇಡಿ, ಮಲಗಿ ಎಂದರು. ಬೇರೆಯವರಿಗೆ ಗಂಟಲು ಕಟ್ಟಿದ್ದರೆ ಪರವಾಗಿಲ್ಲ ಬನ್ನಿ ಎನ್ನುತ್ತಿದ್ದರೋ ಏನೋ. ಆದರೆ ಮೈಕಣ್ಣನ ಕೆಲಸವೇ ಗಂಟಲಿನದು. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿನಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಎಲ್ಲಿ ಸಿಕ್ಕಿದೆ ಎಂಬುದನ್ನೆಲ್ಲ ಎಷ್ಟೋ ವರ್ಷಗಳಿಂದ ಮೈಕಿನಲ್ಲಿ ಕೂಗುತ್ತಿದ್ದವನು ಅವನೇ. ಅಪ್ಪ ಅಮ್ಮ ಇಟ್ಟ ಹೆಸರು ಈಗ ಯಾರಿಗೂ ನೆನಪಿರಲಿಲ್ಲ.

ಸುಳ್ಳಿಗೆ ಕಾರಣ ಸಂಜೆಯ ಪಂದ್ಯ. ಊರಿನ ಬಾಸ್ಕೆಟ್‌ಬಾಲ್ ತಂಡ ಬಹಳ ಕಾಲದ ಮೇಲೆ ಸೆಮಿಫೈನಲ್ ಮುಟ್ಟಿತ್ತು, ಮೈಕಣ್ಣನಿಗೆ ಅವತ್ತೇ ಬೆಳಿಗ್ಗೆಯಿಂದ ರಾತ್ರಿಯವರೆಗೂ ಪಾಳಿ ಬಿದ್ದಿತ್ತು. ತಂಡದಲ್ಲಿ ಯಾರಿರಬೇಕು, ಯಾರು ಹೋಗಬೇಕು, ಯಾವ ಹುಡುಗನನ್ನು ಎಷ್ಟು ಆಡಿಸಿ ಬೆಳೆಸಬೇಕು ಎಂಬುದೆಲ್ಲ ಕೋಚ್‌ಗಿಂತ ತನಗೇ ಚೆನ್ನಾಗಿ ಗೊತ್ತು ಎನ್ನುವುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆ ವಾರ ಊರಿಗೆಲ್ಲ ಒಂದೇ ಚರ್ಚೆ. ಕ್ಯಾಪ್ಟನ್ ಮಂಡಿ ನೋವೆಂದು ಹೊರಗುಳಿದಾಗ, ಅಲ್ಲಿಯವರೆಗೆ ಬೆಂಚಿನಲ್ಲಿ ಟವೆಲ್ ಕಾಯುತ್ತ ಕೂತಿದ್ದ ಉದ್ದನೆಯ ಹೊಸಬ ಅವನ ಜಾಗದಲ್ಲಿ ಆಡಿ ತಂಡವನ್ನು ಗೆಲ್ಲಿಸುತ್ತ ಬಂದಿದ್ದ. ಜನ ಅವನನ್ನು ಪ್ರೀತಿಯಿಂದ ಏಣಿ ಎಂದು ಕರೆಯುತ್ತಿದ್ದರು. ಈಗ ಕ್ಯಾಪ್ಟನ್ನನ ಮಂಡಿ ವಾಸಿಯಾಗಿದೆ. ಸಂಜೆ ಆಡುವವರು ಯಾರು, ಕ್ಯಾಪ್ಟನ್ನೋ ಏಣಿಯೋ? ಮೈಕಣ್ಣ ಏಣಿಯ ಕಡೆ, ಅದೂ ಜಗಳಕ್ಕೆ ನಿಲ್ಲುವಷ್ಟು.

ತೊಂದರೆಯೆಂದರೆ, ಸೂಪರಿಂಟೆಂಡೆಂಟರಿಗೆ ಸುಳ್ಳು ರಜೆ ಕಂಡರಾಗದು. ಹೊಟ್ಟೆನೋವೆಂದು ಹೇಳಿ ಸಿನಿಮಾಕ್ಕೆ ಹೋಗಿ ಸಿಕ್ಕಿಬಿದ್ದ ಪಾರ್ಸೆಲ್ ಗುಮಾಸ್ತ ಈಗಲೂ ಡಿಪೋದಲ್ಲಿ ಹಳೇ ಟೈರು ಎಣಿಸುತ್ತಿದ್ದಾನೆ. ಸಿಕ್ಕಿಬಿದ್ದರೆ ಮೈಕಣ್ಣನ ಮೈಕಿನ ಕೋಣೆಯೇ ಹೋಗುತ್ತಿತ್ತು. ಆ ಗಾಜಿನ ಕಿಟಕಿ, ಆ ತಿರುಗುವ ಕುರ್ಚಿ, ತಾನೊಂದು ಮಾತು ಹೇಳಿದರೆ ಸಾವಿರ ಜನ ಗಂಟುಮೂಟೆ ಎತ್ತಿಕೊಂಡು ಓಡುವ ಆ ಸುಖ! ಅದಿಲ್ಲದ ಬದುಕನ್ನು ಅವನು ಊಹಿಸಿಕೊಂಡೂ ಇರಲಿಲ್ಲ. ಹಾಗಾಗಿ ಪಂದ್ಯದ ಹೊತ್ತಿನವರೆಗೆ ಬಾಯಿ ಬಿಡಬಾರದು, ಆಮೇಲೆ ಹಿಂದಿನ ಮೆಟ್ಟಿಲಿಳಿದು ಮೆಲ್ಲಗೆ ಸ್ಟೇಡಿಯಂ ಸೇರಿಕೊಳ್ಳಬೇಕು ಎಂದು ಲೆಕ್ಕ ಹಾಕಿದ. ಹೆಂಡತಿಗೆ ನಾಟಕ ಗೊತ್ತಾಗಿತ್ತು. ಮದುವೆಯಾದಾಗಿನಿಂದ ಊಟದ ಹೊತ್ತಿನಲ್ಲೂ ತಂಡದ ಆಯ್ಕೆಯ ಬಗ್ಗೆ ಭಾಷಣ ಕೇಳಿ ಸಾಕಾಗಿದ್ದ ಆಕೆ, ಒಂದು ದಿನವಾದರೂ ಮನೆ ತಣ್ಣಗಿರಲಿ ಎಂದು ಸುಮ್ಮನಿದ್ದಳು.

ಮೊದಲು ಬಂದವನು ಕೆಳಗಿನ ಮನೆಯ ಕಂಡಕ್ಟರ್. ನಿಲ್ದಾಣದಲ್ಲಿ ಸುದ್ದಿ ಕೇಳಿ, ಪಾಳಿ ಮುಗಿಸಿದ ಯೂನಿಫಾರ್ಮಿನಲ್ಲೇ ಬಂದಿದ್ದ. ಬಿಸಿನೀರಿಗೆ ಉಪ್ಪು ಹಾಕಿಸಿ, ಬಾಯಿ ಮುಕ್ಕಳಿಸು ಅಣ್ಣ ಎಂದು ಲೋಟ ಕೈಗಿಟ್ಟು, ಎದುರಿಗೇ ಕುರ್ಚಿ ಎಳೆದುಕೊಂಡು ಕೂತ. ಮೈಕಣ್ಣ ಒಂದು ಬಾಯಿ ನೀರು ತುಂಬಿಕೊಂಡಿದ್ದೇ ತಡ, ಅವನು ತಂಡದ ಮಾತೆತ್ತಿದ. ಕ್ಯಾಪ್ಟನ್ ಇಲ್ಲದಿದ್ದರೆ ಅದೊಂದು ತಂಡವೇ ಅಲ್ಲ, ಏಣಿಗೆ ಎತ್ತರ ಒಂದಿದೆ, ಬಲ್ಬ್ ಬದಲಾಯಿಸೋಕೆ ಅಡ್ಡಿಯಿಲ್ಲ ಅಂದುಬಿಟ್ಟ. ಮೈಕಣ್ಣನಿಗೆ ನೀರು ನೆತ್ತಿಗೇರಿತು. ಕೆಮ್ಮುತ್ತ ಎರಡೂ ಕೈ ಬೀಸಿ, ತಲೆಯನ್ನು ಜೋರಾಗಿ ಅಲ್ಲಾಡಿಸಿದ. ಪಾಪ, ನೀರು ಕೂಡ ಇಳಿಯುತ್ತಿಲ್ಲ ಎಂದು ಕಂಡಕ್ಟರ್ ಗಾಬರಿಯಾಗಿ, ಹಬೆ ಕೊಡಲು ಅತ್ತಿಗೆಗೆ ದೊಡ್ಡ ಪಾತ್ರೆ ಇಡಲು ಹೇಳಿದ. ಅತ್ತಿಗೆ ಬೇಡವೆನ್ನಲಿಲ್ಲ.

ಮೈಕಣ್ಣ ಕಂಬಳಿ ಹೊದ್ದು ಹಬೆಯಲ್ಲಿ ಬೇಯುತ್ತಿದ್ದಾಗ ಮೇಲಿನ ಮನೆಯ ದರ್ಜಿ ಬಂದ. ಯಾವ ಕಾಲದಲ್ಲೋ ಒಮ್ಮೆ ತಂಡದವರ ಅಂಗಿ ಹೊಲಿದುಕೊಟ್ಟಿದ್ದವನು, ಅಂದಿನಿಂದ ಆಟದ ಬಗ್ಗೆ ತಾನು ಹೇಳಿದ್ದೇ ಕೊನೆ ಎಂದು ತಿಳಿದಿದ್ದ. ಏಣಿಯೂ ಬೇಡ, ಕ್ಯಾಪ್ಟನ್ನೂ ಬೇಡ, ಪಕ್ಕದೂರಿನಿಂದ ಪಳಗಿದವರು ನಾಲ್ಕು ಜನರನ್ನು ಕರೆತಂದರೆ ಆಯಿತು, ನಮ್ಮ ಹುಡುಗರನ್ನು ತಿದ್ದುತ್ತ ಕೂರಲು ಯಾರಿಗೆ ಪುರುಸೊತ್ತಿದೆ ಎಂದು ಅವನ ವಾದ. ಮೈಕಣ್ಣನ ಪಾಲಿಗೆ ಇದು ಕುಲಗೆಟ್ಟ ಮಾತು. ಊರಿನ ಹುಡುಗರನ್ನು ಬೆಳೆಸದೆ, ಬೇರೆ ಊರವರು ಬೇಡವೆಂದು ಬಿಟ್ಟವರನ್ನು ತಂದು ತಂದೇ ತಂಡ ಹಾಳಾಯಿತೆಂದು ಅವನು ಹೇಳದ ದಿನವಿಲ್ಲ. ಕಂಬಳಿಯೊಳಗೇ ನೆಲಕ್ಕೆ ಕೈ ಬಡಿದು ಪ್ರತಿಭಟಿಸಿದ. ನೋವು ತಡೆಯಲಾರದೆ ಒದ್ದಾಡುತ್ತಿದ್ದಾನೆ ಎಂದು ಇಬ್ಬರೂ ಸೇರಿ ಅವನನ್ನು ಹೊರಗೆಳೆದು, ಬಿಸಿ ಉಪ್ಪಿನ ಗಂಟನ್ನು ಗಂಟಲಿಗಿಟ್ಟು, ಗಲ್ಲದಿಂದ ನೆತ್ತಿಯವರೆಗೆ ಬಟ್ಟೆ ಸುತ್ತಿದರು. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು, ಇನ್ನೂ ಸ್ವಲ್ಪ ಬಿಗಿಯಾಗಿ ಕಟ್ಟಿ ಎಂದಳು.

ಮಧ್ಯಾಹ್ನ ಸರಿದ ಮೇಲೆ ಸೂಪರಿಂಟೆಂಡೆಂಟರೇ ಬಂದರು. ಮೈಕಣ್ಣ ಗಂಟಲಿನ ಉಪ್ಪಿನ ಗಂಟನ್ನು ಇನ್ನಷ್ಟು ಒತ್ತಿ ಹಿಡಿದ. ಅವನ ಅವತಾರ ನೋಡಿ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಅವರು ಕುರ್ಚಿಯ ತುದಿಯಲ್ಲಿ ಕೂತು, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, ಹೇಗಿದ್ದೀರಿ ಎಂದು ಕೇಳಿದರು. ಏನೋ ಹೇಳಲು ಬಂದು ಹೇಳಲಾಗದ ಮುಖ. ಕೊನೆಗೆ ಅವರೂ ತಂಡದ ವಿಷಯಕ್ಕೇ ಬಂದರು.

"ಕ್ಯಾಪ್ಟನ್ ಹಿರಿಯ. ಮಂಡಿ ವಾಸಿಯಾಯ್ತು ಅಂದಮೇಲೆ ಅವನ ಜಾಗ ಅವನಿಗೆ ಬಿಟ್ಟುಕೊಡೋದೇ ನ್ಯಾಯ. ಆ ಹೊಸಬ ಎಷ್ಟೇ ಚೆನ್ನಾಗಿ ಆಡಿರಲಿ, ಮತ್ತೆ ಬೆಂಚಿಗೇ ಹೋಗಬೇಕು. ಅಲ್ವಾ?"

ಕಂಡಕ್ಟರ್ ಹೌದೆಂದ. ದರ್ಜಿಯೂ ಹೌದೆಂದ. ಮೈಕಣ್ಣ ಗಲ್ಲದ ಬಟ್ಟೆ ಕಿತ್ತೆಸೆದ.

"ಅಲ್ಲ ಸಾರ್," ಎಂದ. ಪಕ್ಕದ ಬೀದಿಗೂ ಕೇಳಿಸುವಂಥ ದನಿ. "ನಮ್ಮ ತಂಡದ ರೋಗವೇ ಇದು. ಆಟಗಾರ ಬೆಳೆಯೋದು ಆಡಿ, ಬೆಂಚ್ ಮೇಲೆ ಕೂತು ಅಲ್ಲ. ಸಿಕ್ಕ ಅವಕಾಶದಲ್ಲಿ ಗೆದ್ದು ತೋರಿಸಿದೋರನ್ನ ಹಿಂದಕ್ಕೆ ಕಳಿಸಿದ್ರೆ ನಾಳೆ ಇನ್ಯಾರು ಮೈಮುರಿದು ಆಡ್ತಾರೆ?"

ಕಂಡಕ್ಟರ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಸೂಪರಿಂಟೆಂಡೆಂಟರು ಮಾತ್ರ ಕುರ್ಚಿಯಲ್ಲಿ ಮುಂದೆ ಸರಿದರು.

"ಹಿರಿಯನಿಗೆ ಬೇಜಾರಾಗಲ್ವಾ?"

"ಆಗ್ಲಿ ಸಾರ್. ಒಬ್ಬನ ಬೇಜಾರು ನೋಡ್ಕೊಂಡು ತಂಡ ಕಟ್ಟೋಕಾಗತ್ತಾ?"

"ಎಷ್ಟೋ ವರ್ಷ ದುಡಿದಿದ್ದಾನೆ. ಅವನನ್ನ ಏನು ಮಾಡೋದು?"

"ಪಕ್ಕದಲ್ಲಿ ಕೂರಿಸಿ. ಅನುಭವ ಇದೆಯಲ್ಲ, ಯಾರಾದ್ರೂ ಕೇಳಿದ್ರೆ ನಾಲ್ಕು ಮಾತು ಹೇಳ್ಲಿ."

ಅಷ್ಟು ಹೇಳಿ ಉಸಿರು ತೆಗೆದುಕೊಂಡಾಗ ಮೈಕಣ್ಣನಿಗೆ ತಾನು ಮಾಡಿಕೊಂಡ ಎಡವಟ್ಟು ಗೊತ್ತಾಯಿತು. ಕಣ್ಣ ಮುಂದೆ ಡಿಪೋದ ಟೈರುಗಳು ಸಾಲಾಗಿ ಉರುಳಿದವು. ಕೈಮುಗಿದು, ತಪ್ಪಾಯ್ತು ಸಾರ್, ಪಂದ್ಯದ ಆಸೆಗೆ ಸುಳ್ಳು ಹೇಳಿದೆ, ಮೈಕಿನಿಂದ ಮಾತ್ರ ತೆಗೆಯಬೇಡಿ ಎಂದು ಬೇಡಿಕೊಂಡ.

ಸೂಪರಿಂಟೆಂಡೆಂಟರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಮನಸ್ಸಿನ ಭಾರ ಇಳಿದವರ ಹಾಗೆ ನಕ್ಕರು. ಸುಳ್ಳಿನ ಮಾತು ಇವತ್ತಿಗೆ ಬಿಡಿ ಎಂದು, ಬೆಳಿಗ್ಗೆಯಿಂದ ನಡೆದದ್ದನ್ನು ಹೇಳಿದರು. ಬೇರೆ ಯಾರೂ ಸಿಗದೆ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವಾಕೆಯನ್ನು ಮೈಕಿನ ಮುಂದೆ ಕೂರಿಸಿದ್ದರಂತೆ. ಇವತ್ತು ಒಬ್ಬರೂ ತಪ್ಪು ಬಸ್ಸು ಹತ್ತಲಿಲ್ಲವಂತೆ. ಮೈಕಿನಲ್ಲಿ ಹೇಳಿದ್ದು ಇದೇ ಮೊದಲ ಸಲ ಅರ್ಥವಾಯಿತೆಂದು ಪ್ರಯಾಣಿಕರು ಆಫೀಸಿಗೇ ಬಂದು ಹೇಳಿ ಹೋದರಂತೆ.

"ಇಷ್ಟು ವರ್ಷದ ಮನುಷ್ಯನಿಗೆ ಇದನ್ನ ಹೇಗೆ ಹೇಳೋದು ಅಂತ ದಾರಿಯುದ್ದಕ್ಕೂ ಒದ್ದಾಡ್ಕೊಂಡು ಬಂದೆ," ಎಂದರು. "ನೀವೇ ಬಾಯಿಬಿಟ್ಟು ಹೇಳಿದ್ರಿ. ಮೈಕು ಆಕೆಗೇ ಇರಲಿ. ನಾಳೆಯಿಂದ ನೀವು ವಿಚಾರಣೆ ಕಿಟಕಿಯಲ್ಲಿ ಕೂತ್ಕೊಳ್ಳಿ. ಯಾರಾದ್ರೂ ಕೇಳಿದ್ರೆ ನಾಲ್ಕು ಮಾತು ಹೇಳಿ. ಈಗ ಎದ್ದೇಳಿ, ನಾನೂ ಪಂದ್ಯಕ್ಕೇ ಹೊರಟಿದ್ದೀನಿ."

ಸ್ಟೇಡಿಯಂ ಕಿಕ್ಕಿರಿದಿತ್ತು. ಮೈಕಣ್ಣ ಹೇಳಿದಂತೆಯೇ ಕೋಚ್ ಏಣಿಯನ್ನು ಆಡಿಸಿದ್ದ, ತಂಡ ಚೆನ್ನಾಗಿಯೇ ಮುಂದಿತ್ತು. ಊರಿಗೆ ಊರೇ ಕುಣಿಯುತ್ತಿತ್ತು. ಮೈಕಣ್ಣ ಮಾತ್ರ ಅಂಕಣದ ಕಡೆ ನೋಡಲೇ ಇಲ್ಲ. ಬೆಂಚಿನ ತುದಿಯಲ್ಲಿ ಮೊಣಕಾಲಿನ ಮೇಲೆ ಕೈಯೂರಿ ಕೂತಿದ್ದ ಕ್ಯಾಪ್ಟನ್ನನನ್ನೇ ಬಹಳ ಹೊತ್ತು ನೋಡಿದ. ನೋಡುತ್ತ ನೋಡುತ್ತ ಅವನಿಗೆ ಸಂಕಟ ತಡೆಯಲಾಗಲಿಲ್ಲ. ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು, ಯಾವ ಅನುಮಾನವೂ ಇಲ್ಲದ ಗಟ್ಟಿ ದನಿಯಲ್ಲಿ ಕೂಗಿದ.

"ಕೋಚ್ ಸಾರ್, ಕ್ಯಾಪ್ಟನ್‌ನ ಆಟಕ್ಕಿಳಿಸಿ. ಅನುಭವಕ್ಕೆ ಒಂದು ಬೆಲೆ ಬೇಡ್ವಾ?"

ಕೋಚ್ ಒಂದು ಗಳಿಗೆ ಹಿಂತಿರುಗಿ ನೋಡಿದ. ಅಷ್ಟರಲ್ಲಿ ಏಣಿ ಚೆಂಡನ್ನು ಮತ್ತೊಮ್ಮೆ ಬುಟ್ಟಿಗೆ ಹಾಕಿದ, ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದವನು ಕ್ಯಾಪ್ಟನ್.