ಇರುವೆ ಹಿಡಿಯುವ ಮಾವನ ಕ್ಯಾಮೆರಾ

ನನ್ನ ಸೋದರಮಾವನ ಕ್ಯಾಮೆರಾದಲ್ಲಿ ಬಳ್ಳಾರಿ ಜಿಲ್ಲೆಯ ಇರುವೆ, ಮಿಡತೆ, ಜೇಡಗಳೆಲ್ಲ ಹೆಸರು ಹಿಡಿದು ಕರೆಯುವಷ್ಟು ಸ್ಪಷ್ಟವಾಗಿವೆ. ಮನುಷ್ಯರು? ಒಬ್ಬರೂ ಇಲ್ಲ! ಇದ್ದರೂ ಗುರುತು ಸಿಗುವುದಿಲ್ಲ. ತೀರಾ ಹತ್ತಿರದಿಂದ ಚಿತ್ರ ತೆಗೆಯುವ ಲೆನ್ಸ್ ಕೊಂಡ ದಿನವೇ ಉಳಿದ ಲೆನ್ಸುಗಳನ್ನೆಲ್ಲ ಯಾರಿಗೋ ಕೊಟ್ಟು ಕೈತೊಳೆದುಕೊಂಡ ಪುಣ್ಯಾತ್ಮರು ಅವರು.

ಕುರುಗೋಡಿನಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ಫೋಟೋ ನಾನೇ ತೆಗೆಯುವವನು ಎಂದು ಮಾವ ಹಟ ಹಿಡಿದರು. ಆಲ್ಬಮ್ ಬಂತು ನೋಡಿ! ಮೂಗುತಿಯ ಹರಳು ಫಳಫಳ. ಅದರಾಚೆ ಅರಿಶಿನ ಬಣ್ಣದ ಮೋಡ.

"ಏನ್ರೀ, ಹುಡುಗಿ ಎಲ್ಲಿ?" ಎಂದರು ಬೀಗರು.

"ಮೂಗುತಿ ಹಿಂದ ಅದಾಳ್ರಿ, ಸರಿಯಾಗಿ ನೋಡ್ರಿ!"

ಆ ಬೀಗರು ಇಂದಿಗೂ ಮಾವನನ್ನು ಕಂಡರೆ ರಸ್ತೆ ದಾಟುತ್ತಾರೆ.

ಇನ್ನೊಮ್ಮೆ ಮಾವ ಸಿರುಗುಪ್ಪದ ಭತ್ತದ ಗದ್ದೆಯ ಬದುವಿನ ಮೇಲೆ ಬೋರಲು ಮಲಗಿ ಉಸಿರು ಬಿಗಿಹಿಡಿದಿದ್ದರು. ಉಸಿರಾಡಿದರೆ ಕ್ಯಾಮೆರಾ ಅಲ್ಲಾಡುತ್ತದಲ್ಲ! ಗಾಬರಿಬಿದ್ದ ರೈತರು ಕೊಡ ನೀರು ತಂದು ತಲೆಯ ಮೇಲೆ ಸುರಿದೇಬಿಟ್ಟರು. "ಲೇ, ಇರುವಿ ಹೋತಲ್ರೋ!" ಎಂದು ಚೀರಿದ ಮಾವ, ತೊಟ್ಟಿಕ್ಕುತ್ತಲೇ ಪಾಠ ಶುರು ಮಾಡಿದರು.

"ನೋಡ್ರಪಾ, ಹತ್ರ ಹೋದಂಗೆಲ್ಲ ಚೊಲೋ ಕಾಣೋ ಪಟ್ಟಿ ತೆಳ್ಳಗ ಆಗ್ತೈತಿ. ಇರುವಿ ಕಣ್ಣು ಬಂದ್ರ ಹೊಟ್ಟಿ ಬರಂಗಿಲ್ಲ. ಲೆನ್ಸಿನ ತೂತು ಸಣ್ಣದು ಮಾಡಿದ್ರ ಎರಡೂ ಬರ್ತಾವ, ಆದ್ರ ಬೆಳಕು ಸಾಲಂಗಿಲ್ಲ."

"ಅಲ್ರೀ, ಇರುವಿ ಹೊಟ್ಟಿ ತಗೊಂಡು ಏನ್ ಮಾಡ್ತೀರಿ?" ಎಂದನೊಬ್ಬ. ಮಾವ ಆಗಲೇ ಮತ್ತೆ ಬೋರಲು ಮಲಗಿ ಇನ್ನೊಂದು ಇರುವೆ ಹುಡುಕುತ್ತಿದ್ದರು!

ಈಚೆಗೆ ಅತ್ತೆಗೆ ಹೃದಯದ ಆಪರೇಷನ್ ಎಂದು ನಿಶ್ಚಯವಾಯಿತು. ಆಸ್ಪತ್ರೆಗೆ ಸೇರುವ ಮುಂಚೆ, ಬಳ್ಳಾರಿಯ ಮನೆಯಲ್ಲಿ, ಅವರು ಒಂದೇ ಆಸೆ ಹೇಳಿದರು: ಗಂಡನ ಜೊತೆ ಒಂದು ಫೋಟೋ. ನಾನು ಫೋನು ತೆಗೆದೆ.

"ಅದು ಬ್ಯಾಡ. ಊರ ಇರುವಿಗೆಲ್ಲ ಹಿಡಿದ ಕ್ಯಾಮೆರಾ ನನಗೂ ಹಿಡೀಲಿ. ನಾನೇನು ಇರುವಿಗಿಂತ ಕಡಿಮಿನಾ?"

ಮಾವ ನಕ್ಕರು. ಫೋಟೋದಲ್ಲಿ ಅವರೂ ಇರಬೇಕಲ್ಲ, ಹಾಗಾಗಿ ಕ್ಯಾಮೆರಾ ನನ್ನ ಕೈಗೆ ಬಂತು. ಅತ್ತೆಯನ್ನು ಹೊರಗೆ ಬಿಸಿಲಿಗೆ ಕರೆದೊಯ್ಯುವಂತಿಲ್ಲ. ನಡುಮನೆಯಲ್ಲಿ ಬೆಳಕು ಕಮ್ಮಿ, ಲೆನ್ಸಿನ ತೂತು ಪೂರ್ತಿ ತೆರೆಯಲೇಬೇಕು. ಅದರ ಮೇಲೆ ಮಾವನ ಮನೆತನದ ರೂಢಿ ಬೇರೆ: ಹೆಂಡತಿ ಗಂಡನಿಗಿಂತ ಒಂದು ಗೇಣು ಹಿಂದೆ ಕೂರಬೇಕು! ಮಾವನಿಗೆ ಗುರಿ ಇಟ್ಟರೆ ಅತ್ತೆ ಮಂಜು, ಅತ್ತೆಗೆ ಇಟ್ಟರೆ ಮಾವ ಮಂಜು.

"ಮಾವ, ಇಬ್ರೂ ಕೂಡಿ ಬರವಲ್ರಿ! ಯಾರನ್ನ ಹಿಡೀಲಿ?"

"ಅವರನ್ನ ಹಿಡಿಯಪ್ಪ," ಎಂದರು ಅತ್ತೆ. "ಮನಿ ಯಜಮಾನ್ರು ಅವರು. ನಾ ಹೆಂಗ ಬಂದ್ರೂ ನಡೀತೈತಿ."

ಊರಿಗೆಲ್ಲ ಪಾಠ ಹೇಳುವ ಮಾವ ಹಿಂದೆ ಸರಿದು, ಅತ್ತೆಯ ಪಕ್ಕಕ್ಕೇ ಕುಳಿತು, ಕೆನ್ನೆಗೆ ಕೆನ್ನೆ ಹಚ್ಚಿದರು. ಅವರ ಮಗ ಸೊಸೆ ಎದುರಿಗೇ ನಿಂತಿದ್ದರು!

"ಅಯ್ಯ, ಮಂದಿ ನೋಡಾಕತ್ಯಾರ್ರಿ!"

"ನೋಡ್ಲಿ ಬಿಡು. ನೀನಿಲ್ದ ನಾನೊಬ್ಬ ಚೊಲೋ ಬಂದು ಏನ್ ಮಾಡ್ಲಿ?"

ನಾನು ಬಟನ್ ಒತ್ತಿದೆ.

ಅತ್ತೆ ಗುಣವಾಗಿ ಮನೆಗೆ ಬಂದ ಮೇಲೆ ಆ ಫೋಟೋ ನೋಡಿದರು. ಇಬ್ಬರ ಮುಖವೂ ಸ್ಪಷ್ಟ. ಮಾವನ ರೆಪ್ಪೆಯಂಚಿಗೆ ನಿಂತ ನೀರಹನಿಯೂ ಅಷ್ಟೇ ಸ್ಪಷ್ಟ.

"ಏನ್ರೀ, ನಾ ಹೋಗೇಬಿಡ್ತೀನಿ ಅಂದ್ಕೊಂಡಿದ್ರೇನು?"

ಮಾವ ಅತ್ತೆಯ ಕೈ ಹಿಡಿದುಕೊಂಡು ಕುಳಿತರು, ಅಕ್ಕಪಕ್ಕ.