ಊರವರ ಮಕ್ಕಳ ಹೆಡ್‌ಮಾಸ್ಟ್ರು

ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂತು ಅಂದ್ರೆ ಸರ್ಕಾರಿ ಶಾಲೆ ಹೆಡ್‌ಮಾಸ್ಟ್ರಿಗೆ ದೆವ್ವ ಮೆಟ್ಕೊಳ್ಳುತ್ತೆ. ನಗೋರಿಗೆ ನಗು, ಪಾಪ, ಅವರಿಗೆ ಪ್ರಾಣಸಂಕಟ. ಭದ್ರಾವತಿಯ ನಮ್ಮ ಶಾಲೆಯ ಹೆಡ್‌ಮಾಸ್ಟ್ರಂತೂ ‘ಈ ಸಲ ಒಬ್ರೂ ಫೇಲಾಗಬಾರ್ದು’ ಅಂತ ಹಟ ಹಿಡಿದಿದ್ರು. ಅವರೂ, ಅಲ್ಲೇ ಮೇಷ್ಟ್ರಾಗಿರೋ ನಾನೂ ಇಬ್ಬರೂ ಶಿವಮೊಗ್ಗದ ರಾಗಿಗುಡ್ಡದವರು. ಅವರ ಸ್ಕೂಟರಿನ ಹಿಂದಿನ ಸೀಟು ನನ್ನದು.

ಗ್ಯಾರೇಜ್ ಮನೆ

ಬೆಳಗಿನ ಜಾವ ಮಕ್ಕಳ ಮನೆಗೇ ಹೋಗಿ ಎಬ್ಬಿಸಿ ಓದಿಸೋದು ಅವರ ಪದ್ಧತಿ. ನನಗೋ ಚಳಿ, ನಿದ್ದೆ, ಸಿಟ್ಟು. ಓಲ್ಡ್ ಟೌನಿನಲ್ಲಿ ಒಬ್ಬ ಮೆಕ್ಯಾನಿಕ್ಕಿನ ಮನೆ ಬಾಗಿಲು ಬಡಿದ್ವಿ. ಆತ ಕಣ್ಣೂ ಬಿಡದೆ, “ಗಾಡಿ ಅಲ್ಲೇ ಬಿಟ್ಟು ಹೋಗ್ರೀ, ಹತ್ತು ಗಂಟೆಗೆ ನೋಡ್ತೀನಿ” ಅಂದ.

“ಗಾಡಿ ಚೆನ್ನಾಗಿದೆ ಭಾಯ್,” ಅಂದ್ರು ಹೆಡ್‌ಮಾಸ್ಟ್ರು, “ನಿಮ್ಮ ಮಗ ಸ್ಟಾರ್ಟ್ ಆಗ್ತಿಲ್ಲ.”

ದತ್ತು

ಓದಿನಲ್ಲಿ ಹಿಂದಿದ್ದ ಮಕ್ಕಳನ್ನ ಮೇಷ್ಟ್ರುಗಳಿಗೆಲ್ಲ ದತ್ತು ಹಂಚಿದ್ರು. ಡ್ರಿಲ್ ಮಾಸ್ಟ್ರು ಕೈ ಮುಗಿದು, “ಸಾರ್, ಗಣಿತ ಅಂದ್ರೆ ನನಗೇ ಜ್ವರ ಬರುತ್ತೆ” ಅಂದ್ರು.

ನಮ್ಮ ಹೆಡ್‌ಮಾಸ್ಟ್ರೇ ಗಣಿತದವರು. “ಚಿಂತೆ ಬೇಡ, ನಿಮ್ಮನ್ನೂ ನಾನೇ ದತ್ತು ತಗೋತೀನಿ ಮಾರಾಯ್ರೆ!”

ನಾನು ಸುಮ್ನಿರಲಾರದೆ, “ನಿಮ್ಮ ಮಗಳೂ ಹತ್ತನೇ ಕ್ಲಾಸಲ್ವಾ ಸಾರ್? ಅವಳನ್ನ ಯಾರು ದತ್ತು ತಗೊಂಡಿದಾರೆ?” ಅಂತ ಕೇಳ್ದೆ.

“ಅವಳಿಗೇನ್ರೀ, ಶಿವಮೊಗ್ಗದಲ್ಲಿ ದೊಡ್ಡ ಶಾಲೆ. ಫೀಸು ಕಟ್ಟಿದೀನಿ, ಅವರು ನೋಡ್ಕೋತಾರೆ.”

ಗೇಟಿನ ಹತ್ರ

ಸಂಜೆ ನಾವು ಬರೋ ಹೊತ್ತಿಗೆ ಆ ಹುಡುಗಿ ಗಣಿತದ ಪುಸ್ತಕ ಹಿಡಿದು ಅವರ ಮನೆ ಗೇಟಲ್ಲೇ ನಿಂತಿರ್ತಿದ್ಲು. “ಅಪ್ಪ, ಇದೊಂದು ಲೆಕ್ಕ...”

“ನಾಳೆ ಪುಟ್ಟಿ, ಇವತ್ತು ಗಂಟಲು ಕಟ್ಟಿದೆ” ಅಂತ ಅವರು ಒಳಗೆ ಹೋಗಿಬಿಡೋರು. ಒಂದು ದಿನ ನನ್ನನ್ನೇ ಹಿಡ್ಕೊಂಡ್ಲು. “ಅಂಕಲ್, ನೀವಾದ್ರೂ ಹೇಳ್ಕೊಡಿ.”

ನಾನು ಕನ್ನಡ ಮೇಷ್ಟ್ರು. “ನನಗೆ ಹದಿಮೂರರ ಮಗ್ಗೀನೇ ಬರಲ್ಲಮ್ಮ” ಅಂದೆ. ನಕ್ಕಳು. ಆ ನಗುವಿನಲ್ಲಿ ಜೀವ ಇರ್ಲಿಲ್ಲ.

ಹಾರ

ಫಲಿತಾಂಶ ಬಂತು. ನಮ್ಮ ಮಕ್ಕಳು ಎಲ್ರೂ ಪಾಸ್! ಮೆಕ್ಯಾನಿಕ್ ಭಾಯ್ ಸೇವಂತಿಗೆ ಹಾರ ತಂದು ಹೆಡ್‌ಮಾಸ್ಟ್ರ ಕೊರಳಿಗೆ ಹಾಕಿ, “ಸಾರ್, ನೀವು ನನ್ನ ಮಗನಿಗೆ ಇನ್ನೊಬ್ಬ ಅಪ್ಪ” ಅಂತ ಅತ್ತೇಬಿಟ್ಟ. ಅಷ್ಟರಲ್ಲಿ ಮನೆಯಿಂದ ಫೋನು. ಮಗಳು ಫೇಲು, ಅದೂ ಗಣಿತದಲ್ಲಿ.

ಕೀಲಿ ನನ್ನ ಕೈಗೆ ಕೊಟ್ಟು ಅವರು ಹಿಂದಿನ ಸೀಟಿಗೆ ಹತ್ತಿದ್ರು. ಸ್ಕೂಟರು ನಾನೇ ಓಡಿಸ್ದೆ. ಅವರ ಕೊರಳಲ್ಲಿ ಹಾರ ಹಾಗೇ ಇತ್ತು. ಮನೆಗೆ ಹೋದ್ರೆ ಹುಡುಗಿ ಜಗಲಿ ಮೇಲೆ ಕೂತಿದ್ಲು, ಅತ್ತೂ ಅತ್ತೂ ಮುಖ ಊದಿತ್ತು. ಇವರು ಪಕ್ಕದಲ್ಲಿ ಕುಸಿದು ಕೂತು, “ತಪ್ಪಾಯ್ತು ಪುಟ್ಟಿ. ಏನು ಬೇಕು ಕೇಳು. ಟ್ಯೂಷನ್ನಾ? ಬೇರೆ ಶಾಲೇನಾ?” ಅಂದ್ರು.

ಅವಳು ಮೂಗು ಒರೆಸ್ಕೊಂಡು ಹಾರವನ್ನೇ ನೋಡಿದ್ಲು.

“ನಿಮ್ಮ ಶಾಲೆಗೇ ಸೇರಿಸ್ಕೊಳ್ಳಿ ಅಪ್ಪ. ಅಲ್ಲಿನ ಹೆಡ್‌ಮಾಸ್ಟ್ರು ಮನೆಗೇ ಬಂದು ಹೇಳ್ಕೊಡ್ತಾರಂತೆ.”