ರೂತವ್ವನ ಚಾಳೀಸು

ನಿವೃತ್ತ ಮಾಸ್ತರನ ಎದುರು ನಾಲ್ಕು ಜನ ಸುಮ್ಮನೆ ಕೂರಬಾರದು. ಕೂತರೆ ಅವನಿಗೆ ಅದು ತರಗತಿ ಎನಿಸಿಬಿಡುತ್ತದೆ. ಬ್ಯಾಡಗಿಯ ನಮ್ಮ ಮನೆಯಲ್ಲಿ ಪ್ರತಿ ಗುರುವಾರ ಸಂಜೆ ಸೇರುವ ಬೈಬಲ್ ಅಧ್ಯಯನ ಕೂಟವನ್ನು ನಡೆಸುವವನು ನಾನು. ನಡೆಸುವುದೆಂದರೆ, ಪ್ರಶ್ನೆ ಕೇಳುತ್ತೇನೆ. ಯಾರಾದರೂ ಬಾಯಿ ತೆರೆಯುವಷ್ಟರಲ್ಲಿ ಉತ್ತರವನ್ನೂ ನಾನೇ ಹೇಳುತ್ತೇನೆ. "ನಿಮಗ ನಾವು ಯಾಕ ಬೇಕ್ರಿ? ಕನ್ನಡಿ ಮುಂದ ಕುಂತು ಮಾಡ್ರಿ" ಎಂದು ಹೆಂಡತಿ ಒಮ್ಮೆ ಅಂದಿದ್ದಳು. ಚಹಾ ಕೊಡುವವಳು ಅವಳೇ ಆದ್ದರಿಂದ ನಾನು ತಿರುಗಿ ಮಾತಾಡಲಿಲ್ಲ.

ನಮ್ಮಲ್ಲಿ ಸರದಿಯಂತೆ ಒಬ್ಬೊಬ್ಬರು ಒಂದೊಂದು ವಚನ ಓದುವ ಪದ್ಧತಿ. ರೂತವ್ವನ ಸರದಿ ಬಂದಾಗ ಮಾತ್ರ, "ಚಾಳೀಸ ಮರತು ಬಂದೇನ್ರಿ ಸರ, ನೀವ ಓದಿಬಿಡ್ರಿ" ಎನ್ನುತ್ತಿದ್ದಳು. ದಿನವೆಲ್ಲ ಕೂಲಿಗೆ ಮೆಣಸಿನಕಾಯಿ ತೊಟ್ಟು ಮುರಿಯುವ ಹೆಂಗಸು. "ಕೂಲಿ ಕೊಡೋರು ಏ ಮುದುಕಿ ಅಂತಾರ, ಇಲ್ಲಿ ರೂತವ್ವ ಅಂತೀರಿ" ಎಂದು ಎಲ್ಲರಿಗಿಂತ ಮೊದಲೇ ಬಂದು ಚಾಪೆ ಹಾಸುತ್ತಿದ್ದಳು. ನನಗೆ ಕರುಣೆ ಉಕ್ಕಿತು. ರಾಣೇಬೆನ್ನೂರಿಗೆ ಹೋದಾಗ ಓದುವ ಕನ್ನಡಕವೊಂದನ್ನು ತಂದು, ಕೂಟದ ನಡುವೆಯೇ ಕೊಟ್ಟು, ಎಲ್ಲರಿಂದ ಚಪ್ಪಾಳೆ ಹೊಡೆಸಿದೆ. "ಇನ್ನ ನೆವಾ ನಡಿಯಂಗಿಲ್ಲ, ಓದು ರೂತವ್ವ" ಅಂದೆ. ಅವಳು ಕನ್ನಡಕ ಹಾಕಿಕೊಂಡು ಸಾಲಿನ ಮೇಲೆ ಬೆರಳಿಟ್ಟಳು. ಬೆರಳು ಕದಲಲೇ ಇಲ್ಲ. ಕೊನೆಗೆ ಕನ್ನಡಕ ಮಡಚಿ ಚಾಪೆಯ ಮೇಲಿಟ್ಟು, "ಒಲಿ ಮ್ಯಾಲ ಹಾಲಿಟ್ಟು ಬಂದೇನ್ರಿ" ಎಂದು ಎದ್ದು ಹೋದಳು. ಇಷ್ಟು ವರ್ಷ ಅಕ್ಷರ ಕಲಿಸಿ ಪಿಂಚಣಿ ತಿನ್ನುವ ನನಗೆ, ಅವಳಿಗೆ ಓದು ಬಾರದೆಂದು ಆಗ ಹೊಳೆಯಿತು. ನಾಚಿಕೆಯಿಂದ ಅಂದು ಊಟ ಸೇರಲಿಲ್ಲ.

ಎರಡು ಗುರುವಾರ ರೂತವ್ವ ಬರಲಿಲ್ಲ. ಮೂರನೆಯ ಗುರುವಾರದ ಪಾಠ, ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಸಿಕೊಂಡ ಒಂದನ್ನು ಹುಡುಕಿಹೋದ ಕುರುಬನದು. ನಾಲ್ಕು ಪುಟ ಟಿಪ್ಪಣಿ ಮಾಡಿಕೊಂಡಿದ್ದೆ. "ಕುರುಬ ಏನು ಮಾಡಿದ?" ಎಂದು ಕೇಳಿದೆ. ನಾನು ಉತ್ತರಿಸುವ ಮೊದಲೇ ಹೆಂಡತಿ, "ಟಿಪ್ಪಣಿ ಓದ್ಕೋತ ಕುಂದರಲಿಲ್ಲ, ಎದ್ದು ಹೋದ" ಅಂದಳು. ಎಲ್ಲರೂ ಎದ್ದೆವು.

ರೂತವ್ವ ತನ್ನ ಮನೆಯ ಪಡಸಾಲೆಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತಿದ್ದಳು. "ಬರ್ರಿ, ಕುಂದ್ರಿ" ಅಂದಳೇ ಹೊರತು ಮುಖ ಎತ್ತಲಿಲ್ಲ. ನಾನೂ ಕೂತು ತೊಟ್ಟು ಮುರಿಯತೊಡಗಿದೆ. ಸ್ವಲ್ಪ ಹೊತ್ತಿಗೆ ಬುದ್ಧಿಗೇಡಿಯಂತೆ ಅದೇ ಕೈಯಿಂದ ಕಣ್ಣುಜ್ಜಿಕೊಂಡೆ. ನೀರು ದಳದಳ ಸುರಿಯಿತು. ಅಳುವುದಕ್ಕೆ ನನಗೂ ಒಂದು ನೆವ ಸಿಕ್ಕಂತಾಯಿತು. "ಉಜ್ಜಬ್ಯಾಡ್ರಿ ಸರ, ಹೊಸಬರಿಗೆ ಹಿಂಗ ಆಕ್ಕೈತಿ" ಎಂದು ರೂತವ್ವ ಸೆರಗು ಒದ್ದೆ ಮಾಡಿ ಒರೆಸಿದಳು. ಆಮೇಲೆ ಮೆಲ್ಲಗೆ, "ಇವತ್ತಿಂದು ಓದ್ರಿ" ಅಂದಳು.

"ಚಾಳೀಸ ಮರತು ಬಂದೇನಿ ರೂತವ್ವ. ತಪ್ಪಿಸಿಕೊಂಡ ಕುರಿ ಕತಿ ಐತಿ, ನೀನ ಹೇಳಿಬಿಡು" ಅಂದೆ. ನನ್ನ ಕನ್ನಡಕ ಅಂಗಿಯ ಕಿಸೆಯಲ್ಲಿ ಎಲ್ಲರಿಗೂ ಕಾಣುವಂತೆ ಇತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಕಥೆ ಶುರು ಮಾಡಿದಳು. "ಕುರಿಗೆ ದಾರಿ ತಪ್ಪಿದ್ದು ಗೊತ್ತಿತ್ತರಿ. ನಾಚಿಕಿ ಬಂದು ಒದರಲಿಲ್ಲ ಅದು. ಅದಕ್ಕ ಕುರುಬನ ಬರಬೇಕಾತು." ನನ್ನ ನಾಲ್ಕು ಪುಟದಲ್ಲಿ ಈ ಮಾತು ಇರಲಿಲ್ಲ.

ಈಗ ಸರದಿಯ ಓದು ನಿಂತಿದೆ. ಯಾರಾದರೂ ಒಬ್ಬರು ಓದುತ್ತಾರೆ, ರೂತವ್ವ ಅದನ್ನು ತನ್ನ ಮಾತಿನಲ್ಲಿ ಹೇಳುತ್ತಾಳೆ. ನನ್ನ ಚಾಳಿ ಮಾತ್ರ ಹೋಗಿಲ್ಲ. ಪ್ರಶ್ನೆ ಕೇಳಿ ಉತ್ತರಕ್ಕೂ ನಾನೇ ಬಾಯಿ ತೆರೆದರೆ ಅವಳು ಕೈ ಅಡ್ಡ ಮಾಡಿ ಕೇಳುತ್ತಾಳೆ: "ಯಾಕ್ರಿ ಸರ, ಒಲಿ ಮ್ಯಾಲ ಹಾಲಿಟ್ಟು ಬಂದೀರೇನು?"